ಆ ಹಳದಿ ಮುಖವನ್ನು ತೆಗೆದುಕೊಡಿ

ಮಾನ್ಯ ಶಿಕ್ಷಣಾಧಿಕಾರಿಗಳೇ,

ನನ್ನ ಮಗಳ ಮುಖದ ಮೇಲೆ ಅಂಟಿಸಿರುವ ಹಳದಿ ಮುಖವನ್ನು ತೆಗೆದುಕೊಡಿ. ತಮ್ಮ ಕಚೇರಿಗೆ ಬಂದು ಇದನ್ನೇ ಕೇಳಿದೆ. ಅಲ್ಲಿ ಕೇಳಿಸದ್ದು ಇಲ್ಲಾದರೂ ಕೇಳಿಸಲಿ ಎಂದು ನಾಲ್ಕು ಜನ ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ವಿಷಯ ತಮಗೆ ಮರೆತಿರಬಹುದು, ದೊಡ್ಡವರಿಗೆ ನೂರೆಂಟು ಕೆಲಸ. ನಮ್ಮ ಪ್ರಾಥಮಿಕ ಶಾಲೆ ಪ್ರತಿ ಶುಕ್ರವಾರ ಪೋಷಕರ ಫೋನಿಗೆ ‘ಈ ವಾರ ನಮ್ಮ ಶಾಲೆ’ ಎಂಬ ಸುದ್ದಿಪತ್ರ ಕಳಿಸುತ್ತದೆ. ಯಾರು ಬೀಜ ನೆಟ್ಟರು, ಯಾರು ಓಟದಲ್ಲಿ ಗೆದ್ದರು, ಎಲ್ಲ ಫೋಟೋ ಸಮೇತ. ಈ ವರ್ಷ ತಮ್ಮ ಆದೇಶ ಬಂತು: ಸುರಕ್ಷತೆಯ ದೃಷ್ಟಿಯಿಂದ ಸುದ್ದಿಪತ್ರದಲ್ಲಿ ಯಾವ ಮಗುವಿನ ಮುಖವೂ ಕಾಣಕೂಡದು. ಅಂದಿನಿಂದ ಎಲ್ಲ ಮಕ್ಕಳ ಕತ್ತಿನ ಮೇಲೂ ಒಂದೇ ದುಂಡನೆಯ ಹಳದಿ ನಗುಮುಖ. ಮೊಣಕಾಲು ತರಚಿಕೊಂಡ ಮಗುವೂ ನಗುತ್ತದೆ, ಓಟದಲ್ಲಿ ಸೋತ ಮಗುವೂ ನಗುತ್ತದೆ. ಇಷ್ಟೊಂದು ಸುಖೀ ಶಾಲೆ ಭೂಮಿಯ ಮೇಲೆ ಇನ್ನೊಂದಿರಲಾರದು! ಆದರೂ ಆದೇಶದ ಉದ್ದೇಶ ಒಳ್ಳೆಯದೇ, ಅದಕ್ಕೆ ನನ್ನ ತಕರಾರಿಲ್ಲ.

ನಮಗಂತೂ ಅದೊಂದು ಆಟವೇ ಆಗಿತ್ತು. ನಾನು ಹೊಲಿಗೆ ಯಂತ್ರದ ಮುಂದೆ ಕುಳಿತಿದ್ದರೆ ಗಿಣಿ ಫೋನನ್ನು ನನ್ನ ಮೂಗಿಗೇ ಹಿಡಿಯುತ್ತಿದ್ದಳು. ಬಾಯಿ ಮುಚ್ಚುವವಳಲ್ಲ ಎಂದು ಅವಳಪ್ಪ ಮಗಳಿಗಿಟ್ಟ ಹೆಸರು ಅದು. “ಇದ್ರಲ್ಲಿ ನಾನ್ಯಾರು, ಹೇಳು ನೋಡೋಣ!” ಎಡಗಾಲಿನ ಜಾರಿದ ಕಾಲುಚೀಲ ನೋಡಿ ಗುರುತು ಹಿಡಿಯುತ್ತಿದ್ದೆ. ಬೇಕೆಂದೇ ತಪ್ಪು ಹೇಳಿದರೆ, “ಅಯ್ಯೋ, ನಿನ್ ಮಗಳೇ ನಿಂಗೆ ಗೊತ್ತಾಗಲ್ವಾ?” ಎಂದು ಹಣೆ ಚಚ್ಚಿಕೊಳ್ಳುತ್ತಿದ್ದಳು.

ಕೊನೆಯ ಶುಕ್ರವಾರದ ಸುದ್ದಿ ಅವಳದೇ. ತರಗತಿಯಲ್ಲಿ ಅವಳ ಮುಂದಿನ ಹಲ್ಲು ಬಿದ್ದಿತ್ತು. ‘ಎರಡನೇ ತರಗತಿಯ ದೊಡ್ಡ ಸುದ್ದಿ: ಹಲ್ಲು ಬಿತ್ತು!’ ಎಂದು ಬರೆದು ಟೀಚರ್ ಅವಳ ಫೋಟೋ ಹಾಕಿದ್ದರು. ಅಂಗೈಯಲ್ಲಿ ಹಲ್ಲು, ಕತ್ತಿನ ಮೇಲೆ ಹಳದಿ ಮುಖ. ಸ್ವಾಮೀ, ಸುದ್ದಿಯೇ ಆ ಬಾಯಿಯದು. ಬಾಯಿ ಮುಚ್ಚಿಸಿ ಬಾಯಿಯ ಸುದ್ದಿ ಹಂಚುವ ಜಾಣ್ಮೆ ಬೇರೆ ಯಾವ ಇಲಾಖೆಗಿದೆ? ಗಿಣಿಯಂತೂ ಬಿದ್ದು ಬಿದ್ದು ನಕ್ಕಳು. “ಅಮ್ಮಾ, ಅದರ ಹಿಂದೆ ನಾನು ನಗ್ತಾನೇ ಇಲ್ಲ. ಹಲ್ಲಿನ ಸಂದಿಯಿಂದ ನಾಲಿಗೆ ಹೊರಗೆ ಹಾಕಿದ್ದೀನಿ. ಯಾರಿಗೂ ಕಾಣಲ್ಲ ಅಂತ ಗೊತ್ತಿತ್ತಲ್ಲ!” ನಾಳೆ ಬೆಳಕಿನಲ್ಲಿ ನಾನೂ ಒಂದು ಫೋಟೋ ತೆಗೆಯುತ್ತೇನೆ ಎಂದೆ. ಬೆಳಿಗ್ಗೆ ಮುಟ್ಟಿದರೆ ಮೈ ಕೆಂಡದಂತೆ ಸುಡುತ್ತಿತ್ತು. ಆಸ್ಪತ್ರೆಯಲ್ಲಿ ಅವಳ ಬಾಯಿಗೆ ಕೊಳವೆ ಹಾಕಿದರು. ಮನೆಗೆ ತಂದಾಗ ತುಟಿ ಬಿಗಿಯಾಗಿ ಮುಚ್ಚಿತ್ತು.

ಟೀಚರ್ ಬಂದು ಅತ್ತರು. “ಮುಖ ಕಾಣೋ ಫೋಟೋ ಸ್ಕೂಲ್ ಕಂಪ್ಯೂಟರಲ್ಲೇ ಇದೆ. ಕೊಡೋಕೆ ಮೇಲಿನವರ ಅನುಮತಿ ಬೇಕು. ವರ್ಷದ ಕೊನೆಗೆ ಎಲ್ಲ ಅಳಿಸಿಬಿಡ್ತಾರೆ, ಬೇಗ ಕೇಳಿ” ಎಂದರು. ಹಾಗಾಗಿ ತಮ್ಮ ಬಾಗಿಲಿಗೆ ಬಂದೆ. ತಮ್ಮ ಗುಮಾಸ್ತರು ಕಂಪ್ಯೂಟರಿನಲ್ಲಿ ಹುಡುಕಿ, ತಲೆಯೆತ್ತದೆ ಹೇಳಿದರು: “ಫೋಟೋ ಕೊಡೋದು ಪೋಷಕರಿಗೆ ಮಾತ್ರ. ಮಗು ಹೆಸರು ಹಾಜರಿಯಿಂದ ತೆಗೆದಾಗಿದೆ. ಈಗ ನೀವು ಪೋಷಕರಲ್ಲಮ್ಮಾ.”

ಹಾಗಾದರೆ ನಾನು ಯಾರು, ಮಾನ್ಯರೇ? ಮುಂದಿನ ವರ್ಷಕ್ಕೆ ಉದ್ದವಾಗಲಿ ಎಂದು ಅವಳ ಸ್ಕರ್ಟಿನ ಅಂಚನ್ನು ಒಳಗೆ ಮಡಿಸಿ ಹೊಲಿದವಳು ಯಾರು? ಆ ಮುಖವನ್ನು ಇನ್ನೂ ಯಾರಿಂದ ಕಾಯುತ್ತಿದ್ದೀರಿ? ಆಗಬಾರದ್ದೆಲ್ಲ ಆಗಿಹೋದ ಮೇಲೆ ಅವಳಿಗೆ ಉಳಿದಿರುವ ಅಪಾಯ ನಾನೊಬ್ಬಳೇ? ನಿಮ್ಮ ಮೇಲೆ ಸಿಟ್ಟು ಮಾಡೋಣವೆಂದರೆ ಅಳು ಬರುತ್ತದೆ. ಬರೆಯುವುದೂ ಅರ್ಧಕ್ಕೇ ನಿಲ್ಲುತ್ತದೆ.

ಶಾಲೆಯ ವರ್ಷ ಮುಗಿಯುತ್ತಾ ಬಂದಿದೆ. ನನಗೆ ಪರಿಹಾರ ಬೇಡ, ಮೊಹರು ಒತ್ತಿದ ಸಂತಾಪವೂ ಬೇಡ. ಅಳಿಸುವ ಮುನ್ನ ಆ ಒಂದು ಫೋಟೋ ಕೊಡಿ. ಅದರಲ್ಲಿ ನನ್ನ ಮಗಳು ಟೀಚರ್ ಎದುರು ನಾಲಿಗೆ ಚಾಚಿ ನಿಂತಿದ್ದಾಳೆ. “ಹಂಗೆಲ್ಲ ಮಾಡಬಾರದು ಕಣೇ” ಎಂದು ನಾನವಳನ್ನು ಒಂದು ಸಲ ಗದರಬೇಕು.

ಇಂತಿ,
ತಮ್ಮ ಕಂಪ್ಯೂಟರಿನ ಪ್ರಕಾರ ಯಾರಿಗೂ ಏನೂ ಅಲ್ಲದ,
ಎಡಗಾಲಿನ ಕಾಲುಚೀಲ ಜಾರಿದವಳ ಅಮ್ಮ