ಸ್ಕೂಟರಿಗೆ ಬಿಟ್ಟ ಜಾಗ

ಗುಬ್ಬಿ
೨೩-೨-೧೯೮೨, ಮಂಗಳವಾರ

ಮುದ್ದಿನ ಇಂದುಮತಿಗೆ,

ಅಮ್ಮನ ಆಶೀರ್ವಾದ. ಕುಣಿಗಲ್ಲಿನಿಂದ ನೀನು ಬರೆದ ಕಾಗದ ಶನಿವಾರ ಕೈಸೇರಿತು. ಇನ್‌ಲ್ಯಾಂಡಿನ ಅಂಟು ಹಚ್ಚುವ ಮಡಿಕೆಯ ಮೇಲೂ ಬರೆದುಬಿಟ್ಟಿದ್ದೀಯೆ. ಬಿಡಿಸುವಾಗ ಎರಡು ಸಾಲು ಹರಿದುಹೋದವು. ಉಳಿದದ್ದು ಸ್ಪಷ್ಟವಾಗಿತ್ತು. "ಹೊಸ ಮನೆಗೆ ಅನುಕೂಲಕ್ಕೆ ಏನೇನು ಬೇಕು ಅಂತ ಅಪ್ಪ ನಿನ್ನ ಕೇಳಲ್ಲ, ನೀನಾಗಿ ನೀನು ಹೇಳಲ್ಲ. ನನಗೆ ಬರಿ. ನಾನು ಅಪ್ಪನ ಹತ್ರ ಮಾಡಿಸ್ತೀನಿ" ಎಂದಿದ್ದೀಯೆ. ಮನೆಗೆ ಏನು ಬೇಕೆಂದು ನನ್ನನ್ನು ಒಬ್ಬರು ಕೇಳಿದ್ದು ಇದೇ ಮೊದಲು. ಆ ಪ್ರಶ್ನೆಯನ್ನು ಕಲ್ಲುಸಕ್ಕರೆಯ ಚೂರಿನ ಹಾಗೆ ಮೂರು ದಿನದಿಂದ ಬಾಯಲ್ಲೇ ಇಟ್ಟುಕೊಂಡಿದ್ದೇನೆ.

ಭಾನುವಾರ ನಿಮ್ಮಪ್ಪ, ಅಜ್ಜಿ, ನಾನು ಮೂವರೂ ತುಮಕೂರಿಗೆ ಹೋಗಿ ಶೆಟ್ಟಿಹಳ್ಳಿಯ ಸೈಟು ನೋಡಿ ಬಂದೆವು. ನಾವು ಹೋಗುವ ಹೊತ್ತಿಗೆ ಮೇಸ್ತ್ರಿ ಚನ್ನವೀರಯ್ಯ ದಾರ ಕಟ್ಟಿ, ಸುಣ್ಣದ ಪುಡಿ ಉದುರಿಸಿ, ನೆಲದ ಮೇಲೆ ಇಡೀ ಮನೆಯ ಗುರುತು ಹಾಕಿಬಿಟ್ಟಿದ್ದ. ಇಂದೂ, ಅಂಥ ಮನೆಯನ್ನು ನಾನು ಹಿಂದೆ ಕಂಡಿರಲಿಲ್ಲ. ಗೋಡೆಯಿಲ್ಲ, ಸೂರಿಲ್ಲ, ಬರಿಯ ಬಿಳಿ ಗೆರೆ. ನಡುಮನೆಯಲ್ಲಿ ಹುಲ್ಲು ಬೆಳೆದಿತ್ತು. ದೇವರಮನೆಯಲ್ಲಿ ಹಳದಿ ಚಿಟ್ಟೆಯೊಂದು ಕೂತಿತ್ತು. ಮೋಡದ ನೆರಳು ಬೀದಿಬಾಗಿಲಿನಿಂದ ಒಳಗೆ ಬಂದು, ಯಾರನ್ನೂ ಕೇಳದೆ ಅಡುಗೆಮನೆ ದಾಟಿ ಹಿತ್ತಿಲಿಗೆ ಹೋಯಿತು. ನಿಮ್ಮಪ್ಪ ನಡುಮನೆಯಿಂದ ಮಲಗುವ ಕೋಣೆಗೆ ಗೆರೆ ದಾಟಲು ಕಾಲೆತ್ತಿದರೆ ಚನ್ನವೀರಯ್ಯ, "ಗ್ವಾಡೆ ಮ್ಯಾಲೆ ಕಾಲಿಡ್ತಿದೀರಲ್ಲ ಸ್ವಾಮಿ, ಬಾಗ್ಲಲ್ ಬನ್ನಿ" ಎಂದು ಗದರಿಸಿದ. ಆಮೇಲೆ ಎಲ್ಲರೂ ಬಾಗಿಲಿನಲ್ಲೇ ಓಡಾಡಿದೆವು. ನಿಮ್ಮಜ್ಜಿ ಇನ್ನೂ ಇಲ್ಲದ ಹೊಸಿಲನ್ನು ಬಗ್ಗಿ ಮುಟ್ಟಿ ಕಣ್ಣಿಗೊತ್ತಿಕೊಂಡರು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ. ಹೊಸ ಅಡುಗೆಮನೆಯಲ್ಲಿ ನಿಂತು ಬೇಯಿಸುವ ಕಟ್ಟೆ ಬರುತ್ತದೆ. ಅದರ ಎತ್ತರವನ್ನು ಚನ್ನವೀರಯ್ಯ ತನ್ನ ಸೊಂಟಕ್ಕೆ ಕೈಯಿಟ್ಟು ತೋರಿಸಿದ. ಅದು ನನ್ನ ಎದೆಯ ಹತ್ತಿರ ಬರುತ್ತದೆ. ನಿಮ್ಮಜ್ಜಿ, "ಅಡುಗೆ ಮಾಡೋನು ನೀನೇನಯ್ಯ?" ಎಂದು ಕೇಳಿದ್ದಕ್ಕೆ, "ಕರುದ್ರೆ ಬತ್ತೀನಿ ಕಣವ್ವ, ಉಪ್ಸಾರು ಚೆಂದಾಗ್ ಮಾಡ್ತೀನಿ" ಎಂದ. ಎರಡೂವರೆ ಅಡಿಗಿಂತ ಎತ್ತರ ಬೇಡವೆಂದು ಬರೆ. ಕಟ್ಟೆಯ ಎದುರಿಗೆ ನಕ್ಷೆಯಲ್ಲಿ ಗೋಡೆಯಿದೆ, ಅಲ್ಲಿ ಕಿಟಕಿ ಬೇಕು. ಇಪ್ಪತ್ತೊಂಬತ್ತು ವರ್ಷ ಮಸಿ ಹಿಡಿದ ಗೋಡೆ ನೋಡಿಕೊಂಡು ಒಗ್ಗರಣೆ ಹಾಕಿದ್ದೇನೆ. ಹೊಗೆ ಹೋಗುವುದಕ್ಕೆ ಎಂದೇ ಬರೆ. ಆಕಾಶ ಕಾಣುವುದಕ್ಕೆ ಎಂದರೆ ನಿಮ್ಮಪ್ಪ ನಗುತ್ತಾರೆ.

ಬಚ್ಚಲ ಗೋಡೆಗೆ ನಿಮ್ಮಜ್ಜಿ ಹಿಡಿದುಕೊಳ್ಳಲು ಒಂದು ಕಂಬಿ ಹಾಕಿಸಬೇಕು. ಬಚ್ಚಲ ಮೇಲೆ ಅಟ್ಟ ಬಂದರೆ ಹಬ್ಬದ ಪಾತ್ರೆಗಳೆಲ್ಲ ಅಲ್ಲಿಗೆ ಏರುತ್ತವೆ. ಶೆಟ್ಟಿಹಳ್ಳಿಯಲ್ಲಿ ನಲ್ಲಿ ನೀರು ದಿನ ಬಿಟ್ಟು ದಿನವಂತೆ. ಅಂಗಳದಲ್ಲಿ ನೆಲದೊಳಗೆ ತೊಟ್ಟಿ ಇರಲಿ, ಕೊಡ ಮುಳುಗುವಷ್ಟು ಅಗಲದ ಬಾಯಿ ಬಿಡಲಿ. ಕಿಟಕಿಗಳ ಮೇಲಿನ ಸಜ್ಜಾ ಎರಡಡಿ ಮುಂದಕ್ಕೆ ಚಾಚಿದರೆ ಮಳೆ ಬರುವಾಗಲೂ ಕಿಟಕಿ ಮುಚ್ಚಬೇಕಾಗಿಲ್ಲ. ಒರಳನ್ನು ಕತ್ತಲೆ ಮೂಲೆಗೆ ತಳ್ಳದೆ ಹಿತ್ತಿಲ ಬಾಗಿಲ ಪಕ್ಕದಲ್ಲಿ ಕೂರಿಸಲಿ. ರುಬ್ಬುವವಳ ಕೈಗೆ ಬಿಡುವಿಲ್ಲದಿದ್ದರೂ ಕಣ್ಣಿಗಾದರೂ ಇರುತ್ತದೆ.

ಇಷ್ಟಕ್ಕೇ ಸಹಿ ಹಾಕಿ ಮುಗಿಸಬಹುದಿತ್ತು. ನಿನ್ನೆ ಹಾಗೇ ಮುಗಿಸಿದ್ದೆ ಕೂಡ. ಇವತ್ತು ಬೆಳಿಗ್ಗೆ ಆ ಹಾಳೆ ಹರಿದು ಮತ್ತೆ ಬರೆಯುತ್ತಿದ್ದೇನೆ.

ಭಾನುವಾರ ಇನ್ನೊಂದು ವಿಷಯ ನಡೆಯಿತು. ಹಿತ್ತಿಲ ಕಡೆ, ಬಚ್ಚಲಿಗೆ ಅಂಟಿಕೊಂಡಂತೆ, ಚನ್ನವೀರಯ್ಯ ಒಂದು ಚಿಕ್ಕ ಚೌಕ ಎಳೆದಿದ್ದ. ನಕ್ಷೆಯಲ್ಲಿ ಅದು ಇರಲಿಲ್ಲ. ಇದೇನಯ್ಯ ಎಂದು ನಿಮ್ಮಪ್ಪ ಕೇಳಿದರೆ, "ನಿಮ್ಮೋರ್ ಮನೆ ಎಷ್ಟ್ ಕಟ್ಟಿಲ್ಲ ನಾನು. ಹೆಣ್ಮಕ್ಕಳು ತಿಂಗಳಿಗ್ ಮೂರ್ ದಿನ ಹೊರಗ್ ಕೂರೋ ಕ್ವಾಣೆ ಇಲ್ದಂಗೆ ಒಂದಾರಾ ಕಟ್ಟಿದೀನಾ? ಕೇಳೋದೇನ್ ಬುಡು ಅಂತ ಹಾಕ್ಬುಟ್ಟೆ" ಎಂದ.

"ಅಳಿಸಯ್ಯ ಅದನ್ನ. ಆ ರೂಮ್ ಇದ್ರೆ ಗೃಹಪ್ರವೇಶಕ್ಕೇ ಬರಲ್ಲ ಅಂತ ನನ್ನ ಮಗಳು ನೋಟೀಸ್ ಕೊಟ್ಟಿದ್ದಾಳೆ" ಎಂದರು ನಿಮ್ಮಪ್ಪ. ಹೆಮ್ಮೆಯಿಂದಲೇ ಹೇಳಿದರು. ತಾವೇ ಚಪ್ಪಲಿಯಿಂದ ಗೆರೆ ಉಜ್ಜಿ, "ಇಲ್ಲಿ ಸ್ಕೂಟರ್ ನಿಲ್ಲಿಸೋಣ" ಎಂದರು. ಅವರು ಸ್ಕೂಟರು ಬುಕ್ ಮಾಡಿ ಆರು ವರ್ಷವಾಯಿತಲ್ಲ, ಇನ್ನೂ ಸರದಿ ಬಂದಿಲ್ಲ.

ಸುಣ್ಣದ ಪುಡಿ ಕೆಮ್ಮಣ್ಣಿನಲ್ಲಿ ಕಲೆಸಿಹೋಗುವುದನ್ನು ನಾನು ನಿಂತು ನೋಡಿದೆ. ನನಗೆ ಸಂತೋಷವಾಗಬೇಕಿತ್ತು. ಆಗಲಿಲ್ಲ. ಇನ್ನೂ ಬಾರದ ಸ್ಕೂಟರಿಗೆ ಆ ಮನೆಯಲ್ಲಿ ಒಂದು ಜಾಗವಾಯಿತು ಎಂದು ಮಾತ್ರ ಅನ್ನಿಸಿತು.

ಕೋಪ ಮಾಡಿಕೊಳ್ಳದೆ ಓದು. ತಾತ ಹೋದ ದಿನ ನಿನಗೆ ಹದಿನೈದು ವರ್ಷ. ಈ ಮನೆಯ ಹಿತ್ತಿಲ ಕೋಣೆಯಲ್ಲಿ ಅದು ನಿನ್ನ ಎರಡನೆಯ ದಿನ. ಅವರ ಕಾಲು ಮುಟ್ಟಲು ನಿನ್ನನ್ನು ಬಿಡಲಿಲ್ಲ. ಬಿಡದವರಲ್ಲಿ ನಾನೂ ಇದ್ದೆ. ಕಿಟಕಿಯ ಸರಳು ಹಿಡಿದ ನಿನ್ನ ಬೆರಳುಗಳನ್ನು ನಾನು ಮರೆತಿಲ್ಲ. ಅಂಥ ಕೋಣೆ ಬೇಡವೆನ್ನುವ ಹಕ್ಕು ನಿನಗಲ್ಲದೆ ಇನ್ನಾರಿಗಿದೆ? ನೀನು ಗೆದ್ದದ್ದು ಸರಿಯಾಗಿಯೇ ಇದೆ.

ಆದರೆ ಅದೇ ಕೋಣೆ ನನಗೆ ಏನಾಗಿತ್ತೆಂದು ನಾನು ಯಾವತ್ತೂ ನಿನಗೆ ಹೇಳಿಲ್ಲ. ಮದುವೆಯಾಗಿ ಬಂದಾಗ ನನಗೆ ಹತ್ತೊಂಬತ್ತು. ಹನ್ನೊಂದು ಜನರ ಮನೆ. ಬೆಳಗಿನ ಕಾಫಿಯಿಂದ ಸಂಜೆಯ ದೀಪದವರೆಗೆ ನನ್ನ ಹೆಸರು ಕೂಗದ ಬಾಯಿಲ್ಲ. ಮೊದಲ ತಿಂಗಳು ಆ ಕೋಣೆಯಲ್ಲಿ ಚಾಪೆಯ ಮೇಲೆ ಕೂತು ಅವಮಾನದಿಂದ ಅತ್ತೆ. ಎರಡನೆಯ ದಿನ ಮಧ್ಯಾಹ್ನ ಅಳು ನಿಂತಿತು. ನಿಂತ ಮೇಲೆ ಗೊತ್ತಾಯಿತು, ಬೆಳಗಿನಿಂದ ಒಬ್ಬರೂ ನನ್ನನ್ನು ಕೂಗಿಲ್ಲ. ಹೆಂಚಿನ ಸಂದಿಯಿಂದ ಒಂದು ಬಿಸಿಲಕೋಲು ಇಳಿದು ಚಾಪೆಯ ಈ ಅಂಚಿನಿಂದ ಆ ಅಂಚಿಗೆ ಸಾವಕಾಶವಾಗಿ ಹೋಗುತ್ತಿತ್ತು. ಅದು ಹೋಗಿ ಮುಗಿಯುವವರೆಗೂ ನೋಡಿದೆ. ಹಾಗೆ ಯಾವುದನ್ನಾದರೂ ಕೊನೆಯವರೆಗೂ ನೋಡಿ ಎಷ್ಟು ದಿನವಾಗಿತ್ತೋ.

ಮುಂದಿನ ತಿಂಗಳು ಲೈಬ್ರರಿಯ ಕವನ ಸಂಕಲನವೊಂದನ್ನು ಸೆರಗಿನಲ್ಲಿ ಮುಚ್ಚಿ ಒಯ್ದೆ. ನಿಮ್ಮಜ್ಜಿ ನೋಡಿಬಿಟ್ಟರು. "ಪುಸ್ತಕ ಅಂದ್ರೆ ಸರಸ್ವತಿ ಕಣೇ, ಈ ಸ್ಥಿತೀಲಿ ಮುಟ್ತಾರಾ?" ಎಂದರು. ಜಗಲಿಯಲ್ಲಿದ್ದ ನಿಮ್ಮ ತಾತ ಅಲ್ಲಿಂದಲೇ, "ಲೈಬ್ರರಿ ಪುಸ್ತಕಕ್ಕೆ ಎಲ್ಲಿಯ ಮಡಿ? ಇಡೀ ಗುಬ್ಬಿ ಮುಟ್ಟಿದೆ ಅದನ್ನ. ಇನ್ನೊಂದು ಕೈ ತಗಲಿದ್ರೆ ಏನಾಗುತ್ತೆ, ಬಿಡು" ಎಂದರು. ಅಷ್ಟೇ ಸಾಕಾಯಿತು. ಮುಂದೆ ಮೈಸೂರಿನಿಂದ ಅಂಚೆಯಲ್ಲಿ ಪಾಠಗಳು ಬರತೊಡಗಿದಾಗ ಅವನ್ನೂ ಆ ಕೋಣೆಗೇ ಕೂಡಿಟ್ಟೆ. ತಿಂಗಳಿಗೆ ಮೂರು ದಿನವೆಂದರೆ ನನಗೆ ವರ್ಷವೆಂಬುದು ಮೂವತ್ತಾರು ದಿನ. ಅಂಥ ಪುಟಾಣಿ ವರ್ಷಗಳಲ್ಲಿ ನಿನ್ನ ಅಮ್ಮ ಬಿ.ಎ. ಮಾಡಿದಳು, ಎಂ.ಎ. ಮಾಡಿದಳು. ಅಷ್ಟೆಲ್ಲ ಕೆಲಸದ ನಡುವೆ ಹೇಗೆ ಓದಿದೆ ಎಂದು ನೀನು ಗೆಳತಿಯರೆದುರು ಹೊಗಳುತ್ತೀಯಲ್ಲ. ಕೆಲಸದ ನಡುವೆ ಒಂದು ಪುಟವನ್ನೂ ಓದಿಲ್ಲ ಕಣೇ.

ಭಾನುವಾರ ಬಸ್ಸಿನಲ್ಲಿ ಬರುವಾಗ ನಿಮ್ಮಪ್ಪನನ್ನು ಕೇಳಿ ನೋಡಿದೆ, ಆ ಜಾಗದಲ್ಲಿ ನನಗೆ ಓದಿಕೊಳ್ಳಲು ಒಂದು ಕೋಣೆ ಆದೀತೇ ಎಂದು. "ಇಡೀ ಮನೆ ನಿಂದೇ ಅಲ್ವೇನೇ, ಎಲ್ಲಿ ಬೇಕಾದ್ರೂ ಕೂತು ಓದು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಪಾಪ. ಇಡೀ ಮನೆ ನನ್ನದಾಗಿರುವಾಗ ಯಾವ ಮೂಲೆಯಲ್ಲಿ ಕೂತರೂ ನಾನು ಸಿಗುತ್ತೇನೆ ಎಂಬುದು ಅವರಿಗೆ ಹೊಳೆಯುವುದಿಲ್ಲ. ಹಿತ್ತಿಲ ಕೋಣೆಗೆ ಚಿಲಕವೇ ಇಲ್ಲ, ನೆನಪಿದೆಯಾ? ಮೈಲಿಗೆಯೇ ಅದರ ಚಿಲಕ. ಅದನ್ನು ತೆಗೆದ ಮೇಲೆ ನನಗೆ ನಿಜವಾದ ಚಿಲಕ ಬೇಕಾಗುತ್ತದೆ. ಅದನ್ನು ಕೇಳಲು ನಾಲಿಗೆ ಏಳುತ್ತಿಲ್ಲ.

ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ. ಆ ಚೌಕ ಮತ್ತೆ ಎಳೆಸು. ಆರಡಿ ಎಂಟಡಿ ಸಾಕು. ಬಾಗಿಲು ಹಿತ್ತಿಲಿಗಲ್ಲ, ಮನೆಯೊಳಕ್ಕೆ ಇರಲಿ. ಯಾರನ್ನೂ ಅಲ್ಲಿ ಕೂರಿಸಕೂಡದು. ನಾಳೆ ನಿನಗೆ ಮಗಳು ಹುಟ್ಟಿದರೆ ಅವಳನ್ನಂತೂ ಬಾಗಿಲವರೆಗೂ ಕಳಿಸುವುದಿಲ್ಲ, ಅವಳಾಗಿ ಬಂದರೆ ಬೇರೆ ಮಾತು. ಪೂರ್ವಕ್ಕೆ ಕಿಟಕಿ, ಗೋಡೆಯೊಳಗೇ ಎರಡು ಸಾಲು ಪುಸ್ತಕದ ಗೂಡು, ಒಳಗಡೆಯಿಂದ ಚಿಲಕ. ಈ ಎರಡು ದಿನದಿಂದ ಕಣ್ಣು ಮುಚ್ಚಿದರೆ ಆ ಕೋಣೆಯೇ ಬರುತ್ತಿದೆ. ಕಿಟಕಿ ತೆರೆದಿದೆ, ಗಾಳಿಗೆ ಪುಟ ತಾನೇ ಮಗುಚುತ್ತಿದೆ, ಹೊರಗೆ ಯಾರೋ ಯಾರನ್ನೋ ಕೂಗುತ್ತಿದ್ದಾರೆ, ಆ ಹೆಸರು ನನ್ನದಲ್ಲ.

ಸೋಮವಾರ ಪಾಯ ತೋಡುತ್ತಾರೆ. ತೋಡಿದ ಮೇಲೆ ಯಾರು ಹೇಳಿದರೂ ಆಗುವುದಿಲ್ಲ. ನಿನಗೆ ಬೇಡವೆನ್ನಿಸಿದರೆ ಸುಮ್ಮನಿದ್ದುಬಿಡು. ಗೃಹಪ್ರವೇಶಕ್ಕೆ ನೀನು ಬರುವುದೇ ನನಗೆ ಹೆಚ್ಚು. ಹಾಗೆಂದು ಬರೆಯುವಾಗ ಕೈ ಸ್ವಲ್ಪ ತಡೆಯಿತು ಎನ್ನುವುದನ್ನೂ ಬರೆದಿದ್ದೇನೆ.

ಈ ಕಾಗದ ಬರೆಯುತ್ತಿರುವುದು ಹಿತ್ತಿಲ ಕೋಣೆಯಿಂದಲೇ. ಇವತ್ತು ಎರಡನೆಯ ದಿನ. ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು.

ನಿನ್ನ
ಅಮ್ಮ

ಪುನಶ್ಚ: ಇದನ್ನು ನೀನೊಬ್ಬಳೇ ಓದು. ಎರಡನೆಯ ದಿನ ಎಂದೆನಲ್ಲ, ಅದು ಸುಳ್ಳು. ನನ್ನ ಮುಟ್ಟು ನಿಂತು ಬರುವ ಯುಗಾದಿಗೆ ಎರಡು ವರ್ಷ. ಯಾರಿಗೂ ಹೇಳದೆ, ತಿಂಗಳು ತಿಂಗಳೂ ಕ್ಯಾಲೆಂಡರು ನೋಡಿಕೊಂಡು ಬಂದು ಇಲ್ಲಿ ಕೂತಿದ್ದೇನೆ. ಆ ಮೂರು ದಿನ ಎಪ್ಪತ್ತಮೂರು ವರ್ಷದ ನಿಮ್ಮಜ್ಜಿ ಬೆನ್ನು ಬಗ್ಗಿಸಿ ನನಗೆ ಬೇಯಿಸಿ ಹಾಕುತ್ತಾರೆ. ಓದುವಾಗ ಅದು ನೆನಪಾಗದ ದಿನವಿಲ್ಲ, ನೆನಪಾಯಿತೆಂದು ಪುಸ್ತಕ ಮುಚ್ಚಿದ ದಿನವೂ ಇಲ್ಲ.

ಈ ಕಾಗದ ಮಡಿಸಿಟ್ಟ ಮೇಲೆ, ಈಗ ಮಧ್ಯಾಹ್ನ, ಅವರು ಊಟದ ಎಲೆ ತಂದು ದೂರದಲ್ಲಿಟ್ಟರು. ಹೋಗಲಿಲ್ಲ. ಹೊಸಿಲ ಆಚೆ ಕುಕ್ಕರಗಾಲಲ್ಲಿ ಕೂತು, "ನಿನಗೆ ನಿಂತಿದ್ದು ನನಗೆ ಗೊತ್ತಿಲ್ಲ ಅಂದ್ಕೊಂಡ್ಯೇನೇ ಕೌಸಲ್ಯ? ನಾನೂ ನಿಂತ ಮೇಲೆ ಒಂದೂವರೆ ವರ್ಷ ಇಲ್ಲೇ ಬಂದು ಕೂತಿದ್ದೆ. ಕೂತಿದ್ದೇನು ಬಂತು, ಮಲಗ್ತಿದ್ದೆ. ಆ ನಿದ್ದೆ ಆಮೇಲೆ ಬರಲೇ ಇಲ್ಲ ನೋಡು" ಎಂದರು. ಮೊಣಕಾಲು ಹಿಡಿದು ಏಳುತ್ತಾ, "ಆ ಮನೇಲಿ ಕೋಣೆ ಹಾಕ್ಸು. ಮುದುಕಿ ಮಡಿ ಮಡಿ ಅಂತ ಹಟ ಹಿಡಿದಿದ್ದಾಳೆ ಅಂತ ಇಂದುಗೆ ಬರಿ. ನನ್ನ ಬೈದ್ರೆ ಬೈಕೊಳ್ಲಿ, ಅವಳು ಬೈಯೋದು ನನಗೇನು ಹೊಸದಾ" ಎಂದರು.

ಹಾಗೆ ಬರೆದರೆ ನನಗೆ ಸುಲಭವಾಗುತ್ತಿತ್ತು. ನಿನಗೂ ಕೋಪಿಸಿಕೊಳ್ಳಲು ಹಳೆಯ ಜಾಗ ಸಿಗುತ್ತಿತ್ತು. ಹಾಗೆ ಬರೆಯುವುದಿಲ್ಲ. ನಿಮ್ಮಜ್ಜಿ ಕೇಳುತ್ತಿಲ್ಲ ಇಂದೂ, ನಾನು ಕೇಳುತ್ತಿದ್ದೇನೆ.