ಹರಿದ ಕಾಗದದ ಗುಡ್ಡ

ಮಸ್ಕಿ
೨೩ ಜನವರಿ ೧೯೯೨

ಪ್ರೀತಿಯ ಮಗಳು ಬಸವಣ್ಣೆಮ್ಮಳಿಗೆ,

ಹೇಗಿದ್ದೀಯ? ಗುಲ್ಬರ್ಗಾದ ನೀರು ಈಗಲಾದರೂ ಒಗ್ಗಿತೇ? ಸೋದರತ್ತೆಯ ಮನೆಯಲ್ಲಿ ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಚಿತ್ರ ಬರೆಯುತ್ತಾ ಊಟ ಮರೆಯುತ್ತೀಯೋ? ನಾವು ಕ್ಷೇಮ. ನಿನ್ನ ಅವ್ವನ ಮಂಡಿನೋವು ಕಡಿಮೆಯಾಗಿದೆ, ಬಾಯಿ ಮಾತ್ರ ಹಾಗೇ ಇದೆ. ನೀನು ಮುನಿಸಿಕೊಂಡು ಹೋಗಿ ಎರಡು ವರ್ಷವಾಯಿತು. ಪತ್ರಗಳೆಲ್ಲ ಅವಳ ಹೆಸರಿಗೇ ಬರುತ್ತವೆ. ಅಪ್ಪನಿಗೆ ನಮಸ್ಕಾರ ಎಂಬ ಒಂದು ಸಾಲೂ ಇರುವುದಿಲ್ಲ. ಇರಲಿ, ತಪ್ಪು ನನ್ನದೇ.

ಈಗ ಸುದ್ದಿ ಕೇಳು. ಅಶೋಕನ ಶಾಸನ ನೋಡಲು ಜಪಾನಿನಿಂದ ಫುಮಿಕೊ ಎಂಬ ವಯಸ್ಸಾದ ಹೆಂಗಸು ಬಂದಿದ್ದರು. ನೋಡಿಕೊಂಡು ಹೋಗಬೇಕಾದವರು ಶಾಸನವಿರುವ ಗುಡ್ಡ ಮನಸ್ಸಿಗೆ ಹಿಡಿಸಿ ಎಂಟು ದಿನ ನಿಂತುಬಿಟ್ಟರು. ಚಿತ್ರಗಾರ್ತಿ, ಆದರೆ ಬಣ್ಣವಿಲ್ಲ, ಕುಂಚವಿಲ್ಲ, ಬರೀ ಕಾಗದ ಹರಿದು ಅಂಟಿಸಿ ಗುಡ್ಡ, ಹೊಲ, ಆಕಾಶ ಮಾಡುತ್ತಾರೆ. ತಂದ ಕಾಗದ ಮುಗಿದಾಗ ನಮ್ಮ ಅಂಗಡಿಗೆ ಬಂದರು. ಬೆಲ್ಲ ಕಟ್ಟುವ ಕಂದು ಕಾಗದ, ಮೊಹರಮ್ಮಿನ ಅಲಾಯಿ ಹಬ್ಬಕ್ಕೆ ತರಿಸಿ ಉಳಿದಿದ್ದ ಬಣ್ಣದ ಹಾಳೆ, ಹಳೇ ಪಂಚಾಂಗ ಎಲ್ಲ ಹರವಿದೆ. ನಿನ್ನ ಅವ್ವ ಸೀರೆ ಆರಿಸುವ ಹಾಗೆ ಅರ್ಧ ದಿನ ಆರಿಸಿದರು! ಅಂಬಪ್ಪ ಮೇಷ್ಟ್ರು ತಮ್ಮ ಇಂಗ್ಲಿಷಿನಲ್ಲಿ ಕೇಳಿ ನನಗೆ ತಿಳಿಸಿದರು: ಅವರ ಗಂಡನಿಗೆ ಕಾಗದದ ಅಂಗಡಿ ಇತ್ತಂತೆ. ಗಂಡ ತೀರಿಕೊಂಡ ಮೇಲೆ, ಮಾರದೆ ಉಳಿದ ಹಾಳೆಗಳನ್ನು ಹರಿದು ತಮ್ಮೂರ ಬೆಟ್ಟ ಮಾಡಿದರಂತೆ. ಆಗ ಐವತ್ತು ವಯಸ್ಸು. ಅಂದಿನಿಂದ ಇಪ್ಪತ್ತು ವರ್ಷ ಇದೇ ಕೆಲಸ.

ಸಹಾಯವಾಗಲೆಂದು ನಾನು ಕತ್ತರಿ ಕೊಟ್ಟೆ. ನಕ್ಕು ಪಕ್ಕಕ್ಕಿಟ್ಟರು. ಹರಿದ ಅಂಚಿನಲ್ಲಿ ನಾರು ಏಳುತ್ತದೆ, ಅದು ಪಕ್ಕದ ಕಾಗದವನ್ನು ಹಿಡಿದುಕೊಳ್ಳುತ್ತದೆ; ಕತ್ತರಿಸಿದ್ದಕ್ಕೆ ಆ ಹಿಡಿತವಿಲ್ಲವಂತೆ. “ಹರಿಯಾಕೂ ಹದ ಬೇಕಂತ ನೋಡ್ರಿ ಕರಿಬಸಯ್ಯ” ಎಂದರು ಮೇಷ್ಟ್ರು. ಇದೇ ಅಂಗಡಿಯಲ್ಲಿ, ಗಿರಾಕಿಗಳ ಮುಂದೆ, ನಿನ್ನ ಚಿತ್ರಗಳನ್ನು ಹರಿದವನು ನಾನಲ್ಲವೇ? “ನಾ ಮತ್ತ ಈ ಹೊಸ್ತಿಲಾ ತುಳ್ಯಂಗಿಲ್ಲಪ್ಪ” ಎಂದು ನೀನು ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಫುಮಿಕೊ ನಿನ್ನೆ ಹೋದರು. ಗುಡ್ಡ ಚೆನ್ನಾಗಿ ಬಂದಿತ್ತು. ಬಂಡೆಗಳೆಲ್ಲ ನಮ್ಮ ಬೆಲ್ಲದ ಕಾಗದ. ಅಕ್ಕನಿಗೆ ನನ್ನ ನಮಸ್ಕಾರ ಹೇಳು. ಗುಡ್ಡದ ದೇವರು ಮಲ್ಲಯ್ಯ ನಿನ್ನ ಕೈಗೆ ಒಳ್ಳೆಯದು ಮಾಡಲಿ.

ನಿನ್ನ ಅಪ್ಪ,
ಕರಿಬಸಯ್ಯ

ತಾ.ಕ.: ಅಂದು ಹರಿದ ಚೂರುಗಳನ್ನು ನಾನು ಎಸೆಯಲಿಲ್ಲ. ನೀನು ಹೋದ ಮೇಲೆ ಆರಿಸಿ ಬಿಸ್ಕತ್ತಿನ ಡಬ್ಬಿಯಲ್ಲಿಟ್ಟೆ. ನಿನ್ನ ಅವ್ವನಿಗೂ ಗೊತ್ತಿಲ್ಲ. ಜೋಡಿಸಿಕೊಡಿ ಎಂದು ಫುಮಿಕೊ ಅವರಿಗೆ ಕೊಟ್ಟೆ. ಒಂದೊಂದೇ ಚೂರು ನೋಡಿ, ಡಬ್ಬಿ ಮುಚ್ಚಿ, ಇದನ್ನು ಚಿತ್ರ ಬರೆದವಳೇ ಜೋಡಿಸಬೇಕು ಎಂದರು. ಹೊಸ್ತಿಲು ತುಳಿಯುವುದಿಲ್ಲ ಅಂದವಳು ನೀನು, ನಾನಲ್ಲ. ಸೋಮವಾರದ ಬಸ್ಸಿಗೆ ಡಬ್ಬಿ ಹಿಡಿದು ಬರುತ್ತೇನೆ. ಬಾಗಿಲು ತೆಗೆ, ಮಗಳೇ.