ಕೆಂಪು ಕನ್ನಡಕ ಕೊಳ್ಳಲು ಹೋದವಳು

ಡುಲೂತ್, ಮಿನೆಸೋಟ
ನವೆಂಬರ್ ೧೪

ಪ್ರೀತಿಯ ರೋಲಿನ್,

ನಾವಿಬ್ಬರೂ ಬೇರೆ ಬೇರೆ ಮನೆ ಮಾಡಿಕೊಂಡ ಮೇಲೆ ನಾನು ನಿನಗೆ ಬರೆಯುತ್ತಿರುವ ಮೊದಲ ಕಾಗದ ಇದು. ಗಾಬರಿಯಾಗಬೇಡ, ಜಗಳಕ್ಕಲ್ಲ. ನಿನ್ನ ಉಪಕಾರ ನೆನೆಯುವುದಕ್ಕೆ.

ಎರಡು ವರ್ಷದ ಹಿಂದೆ ಇದೇ ಹೊತ್ತಿಗೆ, ನಾವು ಶಾಲೆ ಬಸ್ಸಿನ ಡ್ರೈವರುಗಳೆಲ್ಲ ಮುಂದಿನ ವರ್ಷದ ವಿಮೆ ಆರಿಸಿಕೊಳ್ಳುವ ವಾರ, ನೀನು ಫೋನ್ ಮಾಡಿ, "ಕಣ್ಣಿನ ವಿಮೆನೂ ತಗೊಂಡ್ಬಿಡೇ" ಎಂದೆ. "ಆರೋಗ್ಯ ವಿಮೆ ಇದೆಯಲ್ಲ, ಕಣ್ಣೇನು ನನ್ನ ಮೈಮೇಲಿಲ್ವಾ?" ಎಂದು ನಾನು ಹಂಗಿಸಿದೆ. ನೀನು ರೇಗಲಿಲ್ಲ, ಅದೇ ಆಶ್ಚರ್ಯ. ಬಿಡಿಸಿ ಹೇಳಿದೆ: ಕಣ್ಣಿಗೆ ರೋಗ ಬಂದರೆ ಆರೋಗ್ಯ ವಿಮೆ ನೋಡಿಕೊಳ್ಳುತ್ತದೆ; ಇದು ವರ್ಷಕ್ಕೊಂದು ತಪಾಸಣೆಗೆ ಮತ್ತು ಕನ್ನಡಕಕ್ಕೆ. ಕನ್ನಡಕವೇ ಬೇಡದವರಿಗೆ ದಂಡ, ನನ್ನಂಥವಳಿಗೆ ಅನುಕೂಲ. ನಿನ್ನ ಬಾಯಿ ಮುಚ್ಚಿಸಲು ತೆಗೆದುಕೊಂಡೆ, ಆಮೇಲೆ ಮರೆತೂಬಿಟ್ಟೆ.

ಹೋದ ಡಿಸೆಂಬರಿನಲ್ಲಿ ನಮ್ಮ ಡಿಪೋದವರೆಲ್ಲ ಎಂದಿನಂತೆ ಕನ್ನಡಕದಂಗಡಿಗೆ ದೌಡಾಯಿಸಿದರು. ವರ್ಷ ಮುಗಿದರೆ ಬಳಸದ ವಿಮೆಯ ಸವಲತ್ತು ಹೋದ ಹಾಗೆಯೇ. ಕೆಂಪು ಚೌಕಟ್ಟಿನದೊಂದು ಕೊಳ್ಳೋಣವೆಂದು ನಾನೂ ಹೋದೆ. ಮೊದಲು ತಪಾಸಣೆ ಎಂದು ಕೂರಿಸಿದ ಡಾಕ್ಟರಮ್ಮ ಎಡಗಣ್ಣನ್ನು ಮತ್ತೆ ಮತ್ತೆ ನೋಡಿದರು. ನೋವಿದೆಯಾ, ಮಂಜುಮಂಜಾಗಿ ಕಾಣುತ್ತಾ ಎಂದು ಕೇಳಿದರು. ಏನೂ ಇಲ್ಲ ಎಂದೆ. "ಅದೇ ಇದರ ಕಳ್ಳಬುದ್ಧಿ ನೋಡಿ" ಎಂದರು. ಗ್ಲಾಕೋಮಾ. ಕಣ್ಣೊಳಗೆ ಒತ್ತಡ ಏರಿ, ಎಡಗಣ್ಣಿನ ಅಂಚಿನ ನೋಟವನ್ನು ಸದ್ದಿಲ್ಲದೆ ತಿನ್ನತೊಡಗಿತ್ತು. ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಉಳಿಸಿಕೊಳ್ಳಬಹುದಂತೆ. ಹೀಗೇ ಬಿಟ್ಟಿದ್ದರೆ ಬಸ್ಸಿನ ಪಕ್ಕದಿಂದ ಓಡಿಬರುವ ಮಗು ಒಂದು ದಿನ ನನಗೆ ಕಾಣುತ್ತಿರಲಿಲ್ಲ.

ಈಗ ದಿನಾ ಮಲಗುವ ಮುಂಚೆ ಕಣ್ಣಿಗೆ ಹನಿ ಹಾಕಿಕೊಳ್ಳುತ್ತೇನೆ. ಅದರ ಖರ್ಚು ಆರೋಗ್ಯ ವಿಮೆಯದು, ನೀನು ಹೇಳಿದಂತೆಯೇ. ಬಸ್ಸು ಓಡಿಸುತ್ತಿದ್ದೇನೆ, ಕೆಂಪು ಕನ್ನಡಕ ಕಂಡು ಮಕ್ಕಳು ನಗುತ್ತಾರೆ. ಇದಕ್ಕೆಲ್ಲ ನೀನು ಕಾರಣ, ರೋಲಿನ್. ಇರುವವರೆಗೂ ಮರೆಯುವುದಿಲ್ಲ.

ನಿನ್ನ
ಆರ್ಡಿಸ್

ಮರೆತಿದ್ದೆ: ನೀನು ನಿನ್ನ ಗಾಳದಂಗಡಿಯಲ್ಲಿ ಮೀನು ಮರುಳಾಗಲೆಂದು ಗಾಳಕ್ಕೆ ಗರಿ ಕಟ್ಟುವಾಗ ತೋಳುದ್ದ ದೂರ ಹಿಡಿದು ನೋಡುತ್ತೀಯಂತೆ, ಕೇಳಿದರೆ "ನಂಗೇನಾಗಿದೆ?" ಎನ್ನುತ್ತೀಯಂತೆ. ನಿನ್ನ ತಂಗಿ ಹೇಳಿದಳು. ಊರಿಗೆಲ್ಲ ಬುದ್ಧಿ ಹೇಳುವ ನಿನಗೇ ಕಣ್ಣಿನ ವಿಮೆಯಿಲ್ಲ. ವಿಚ್ಛೇದನಕ್ಕೆ ನಾವಿನ್ನೂ ಸಹಿ ಹಾಕಿಲ್ಲವಲ್ಲ, ಹಾಗಾಗಿ ಈ ಸಲ ಗಂಡನನ್ನೂ ಸೇರಿಸಿಯೇ ತೆಗೆದುಕೊಂಡಿದ್ದೇನೆ. ಜನವರಿಯ ಎರಡನೆಯ ಸೋಮವಾರ ನಿನ್ನ ತಪಾಸಣೆ. ಅಲ್ಲಿ ಪಾಪೆ ಹಿಗ್ಗಿಸಲು ಕಣ್ಣಿಗೆ ಹನಿ ಹಾಕಿದ ಮೇಲೆ ಸ್ವಲ್ಪ ಹೊತ್ತು ಕಾರು ಓಡಿಸಲಾಗುವುದಿಲ್ಲ. ನಾನೇ ಬಂದು ಕರೆದುಕೊಂಡು ಹೋಗುತ್ತೇನೆ.